ಗಿಟಾರ್ ಅಭ್ಯಾಸಕ್ಕೆ ಆಡಾಸಿಟಿ: ಒಂದು ವರ್ಷದ ಬಳಕೆಯ ನಂತರ

ಗಿಟಾರ್ ನುಡಿಸುವಾಗ ಗಮನವೆಲ್ಲ ಎಡಗೈ ಬೆರಳುಗಳ ಮೇಲಿರುವುದರಿಂದ, ಲಯ ಎಲ್ಲಿ ತಪ್ಪಿತೆಂಬುದು ಆ ಹೊತ್ತಿಗೆ ಕಿವಿಗೆ ಬೀಳುವುದೇ ಇಲ್ಲ. ಈ ಕಾರಣಕ್ಕಾಗಿಯೇ ಒಂದು ವರ್ಷದಿಂದ ನನ್ನ ಅಭ್ಯಾಸವನ್ನು ಆಡಾಸಿಟಿ ತಂತ್ರಾಂಶದಲ್ಲಿ ಧ್ವನಿಮುದ್ರಿಸಿ ಕೇಳುತ್ತಿದ್ದೇನೆ. 2000ರಲ್ಲಿ ಮೊದಲ ಬಾರಿ ಬಿಡುಗಡೆಯಾದ ಇದು ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಕಂಪ್ಯೂಟರುಗಳಿಗೆ ಉಚಿತವಾಗಿ ದೊರೆಯುತ್ತದೆ. ಹಾಡು ಸಿದ್ಧಪಡಿಸಿ ಪ್ರಕಟಿಸುವವರಿಗೆ ಇದು ಸಾಕೇ ಎಂಬುದು ಬೇರೆ ಚರ್ಚೆ; ಹವ್ಯಾಸಿಯೊಬ್ಬ ತನ್ನ ತಪ್ಪನ್ನು ತಾನೇ ಹಿಡಿಯಲು ಎಷ್ಟು ನೆರವಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇನೆ.

ಇದರ ದೊಡ್ಡ ಗುಣವೆಂದರೆ ಧ್ವನಿಯನ್ನು ಅಲೆಯ ಚಿತ್ರವಾಗಿ ಕಣ್ಣೆದುರು ಹರಡುವುದು. ಇದರಲ್ಲೇ ಇರುವ ರಿದಮ್ ಟ್ರ್ಯಾಕ್ ಸೌಲಭ್ಯದಿಂದ ನಿಮಿಷಕ್ಕೆ 80 ಬಡಿತಗಳ ತಾಳವೊಂದನ್ನು ಸೃಷ್ಟಿಸಿ, ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ಜಿ ಮತ್ತು ಸಿ ಕಾರ್ಡುಗಳನ್ನು (ಹಲವು ತಂತಿಗಳನ್ನು ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು) ನುಡಿಸಿ ಮುದ್ರಿಸಿಕೊಂಡೆ. ಎರಡು ಬಡಿತಗಳ ನಡುವಿನ ಅಂತರ 0.75 ಸೆಕೆಂಡು. ಚಿತ್ರವನ್ನು ಹಿಗ್ಗಿಸಿ ನೋಡಿದಾಗ, ಜಿಯಿಂದ ಸಿಗೆ ಹೊರಳುವ ಕಡೆಯಲ್ಲೆಲ್ಲ ಮೊದಲ ಮೀಟು ಸುಮಾರು 0.1 ಸೆಕೆಂಡು ತಡವಾಗಿ ಬಿದ್ದಿತ್ತು. ಆ ತಡವನ್ನು ಸರಿದೂಗಿಸುವ ಆತುರದಲ್ಲಿ ಮುಂದಿನ ಎರಡು ಮೀಟುಗಳು ಬಡಿತಕ್ಕಿಂತ ಮುಂಚೆಯೇ ಬಿದ್ದಿದ್ದವು. ಸಿ ಕಾರ್ಡಿನ ಸ್ವಲ್ಪ ಮೊದಲು ಚಿಕ್ಕದೊಂದು ಮುಳ್ಳಿನಂಥ ಗೆರೆಯೂ ಕಂಡಿತು. ಕೇಳಿ ನೋಡಿದರೆ, ಉಂಗುರಬೆರಳನ್ನು ಎತ್ತುವಾಗ ಅದು ತಂತಿಯನ್ನು ಎಳೆದು ಬಿಡುವ ಸದ್ದು ಅದಾಗಿತ್ತು. ತಿಂಗಳುಗಟ್ಟಲೆ ನುಡಿಸಿದರೂ ನನಗೆ ಕೇಳಿಸದಿದ್ದ ಸದ್ದದು.

ಆದರೆ ಇಲ್ಲೊಂದು ಎಚ್ಚರ ಅಗತ್ಯ. ಆರಂಭದ ವಾರದಲ್ಲಿ ನನ್ನ ಪ್ರತಿಯೊಂದು ಮೀಟೂ ಒಂದೇ ಅಳತೆಯಲ್ಲಿ ತಾಳದಿಂದ ಹಿಂದೆ ಬಿದ್ದಂತೆ ಕಾಣುತ್ತಿತ್ತು, ನಾನೂ ನನ್ನ ಬಲಗೈಯನ್ನೇ ಶಪಿಸುತ್ತಿದ್ದೆ. ನಿಜವಾದ ಕಾರಣ, ಧ್ವನಿ ಕಂಪ್ಯೂಟರಿನ ಒಳಹೊಕ್ಕು ಹೊರಬರಲು ತೆಗೆದುಕೊಳ್ಳುವ ಸಮಯ. ಆಡಾಸಿಟಿ ಈ ವಿಳಂಬವನ್ನು ಸರಿಪಡಿಸಲು −130 ಮಿಲಿಸೆಕೆಂಡು ಎಂಬ ಪೂರ್ವನಿಗದಿತ ಅಳತೆಯನ್ನು ಇಟ್ಟುಕೊಂಡಿರುತ್ತದೆ, ಅದು ಎಲ್ಲ ಯಂತ್ರಗಳಿಗೂ ಹೊಂದುವುದಿಲ್ಲ. ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ತಾಳವನ್ನೇ ಮತ್ತೆ ಮುದ್ರಿಸಿ, ಎರಡು ಅಲೆಗಳ ನಡುವೆ ಉಳಿಯುವ ಅಂತರವನ್ನು ಅಳೆದು ಸೆಟ್ಟಿಂಗಿನಲ್ಲಿ ತಿದ್ದಿಕೊಂಡರೆ ಸಮಸ್ಯೆ ತೀರುತ್ತದೆ. ಹೊಸಬರು ಮೊದಲು ಮಾಡಬೇಕಾದ ಕೆಲಸವೇ ಇದು.

ಶ್ರುತಿ ಬದಲಾಗದಂತೆ ವೇಗವನ್ನು ಮಾತ್ರ ತಗ್ಗಿಸುವ ಚೇಂಜ್ ಟೆಂಪೊ ಸೌಲಭ್ಯವೂ ಬಹಳ ಉಪಯುಕ್ತ. ಅರ್ಧ ವೇಗದಲ್ಲಿ ಕೇಳಿದಾಗ ಆರು ತಂತಿಗಳ ಪೈಕಿ ಯಾವುದು ಸ್ವರ ಹೊರಡಿಸದೆ ಸತ್ತಿದೆ, ಯಾವುದು ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಗುಲಿ ಝರ್ರೆನ್ನುತ್ತಿದೆ ಎಂಬುದು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಇನ್ನೂ ಕೆಳಗಿಳಿಸಿದರೆ ಧ್ವನಿ ನೀರಿನೊಳಗಿಂದ ಬಂದಂತೆ ಕಲಕಿಹೋಗುವುದರಿಂದ ಪ್ರಯೋಜನವಿಲ್ಲ. ತಪ್ಪಿದ ಜಾಗದಲ್ಲಿ ಗುರುತು ಹಾಕುವ ಲೇಬಲ್ ವ್ಯವಸ್ಥೆಯೂ ಅನುಕೂಲಕರ.

ಮೈಕನ್ನು ಗಿಟಾರಿನ ಒಡಲಿನ ರಂಧ್ರದ ನೇರಕ್ಕಿಟ್ಟರೆ ಮಂದ್ರ ತಂತಿಗಳು ಗುಂಯ್‌ಗುಟ್ಟಿ ಉಳಿದದ್ದನ್ನೆಲ್ಲ ನುಂಗಿಬಿಡುತ್ತವೆ. ಹನ್ನೆರಡನೆಯ ಫ್ರೆಟ್ಟಿನ ಕಡೆಗೆ ಮುಖಮಾಡಿ ಒಂದಡಿ ದೂರದಲ್ಲಿಟ್ಟರೆ ಸಾಕು. ಧ್ವನಿಮಟ್ಟದ ಪಟ್ಟಿ −6 ಡೆಸಿಬಲ್ ದಾಟದಿದ್ದರೆ ಜೋರಾಗಿ ಮೀಟಿದಾಗಲೂ ಧ್ವನಿ ಒಡೆಯುವುದಿಲ್ಲ.

ಕೊರತೆಗಳೂ ಇವೆ. ಪ್ರಾಜೆಕ್ಟನ್ನು ಉಳಿಸುವುದು ಬೇರೆ, ಕೇಳಬಲ್ಲ ಕಡತವಾಗಿ ರಫ್ತು ಮಾಡುವುದು ಬೇರೆ ಎಂಬ ವ್ಯತ್ಯಾಸ ಹೊಸಬರನ್ನು ಗೊಂದಲಕ್ಕೀಡುಮಾಡುತ್ತದೆ. ಪ್ರಾಜೆಕ್ಟುಗಳು ಜಾಗವನ್ನೂ ತಿನ್ನುತ್ತವೆ: ಒಂದೇ ಚಾನೆಲ್ಲಿನಲ್ಲಿ ಮುದ್ರಿಸಿದರೂ ನಿಮಿಷಕ್ಕೆ ಸುಮಾರು 10 ಎಂಬಿ. ಮೊಬೈಲ್ ಆವೃತ್ತಿ ಇಲ್ಲದಿರುವುದರಿಂದ ಪ್ರತಿ ಸಲ ಕಂಪ್ಯೂಟರ್ ತೆರೆದು ಕೂರಬೇಕಾಗುತ್ತದೆ. ಆ ಸೋಮಾರಿತನಕ್ಕೇ ನನ್ನ ಎಷ್ಟೋ ದಿನಗಳ ಅಭ್ಯಾಸ ಮುದ್ರಣವಾಗದೆ ಹೋಗಿದೆ. ರಿವರ್ಬ್ (ಕೋಣೆಯ ಅನುರಣನದಂಥ ಗುಂಗು) ಮುಂತಾದ ಧ್ವನಿ ಅಲಂಕಾರಗಳ ಪಟ್ಟಿಯನ್ನು ಅಭ್ಯಾಸಿಗಳು ತೆರೆಯದಿರುವುದೇ ಲೇಸು, ಏಕೆಂದರೆ ಅವು ತಪ್ಪನ್ನು ಚೆನ್ನಾಗಿ ಮುಚ್ಚಿಡುತ್ತವೆ.

ಈಗ ಜಿಯಿಂದ ಸಿಗೆ ಹೋಗುವಾಗಿನ ತಡ ಅಲೆಯ ಚಿತ್ರದಲ್ಲಿ ಹುಡುಕಿದರಷ್ಟೇ ಸಿಗುವಷ್ಟಕ್ಕೆ ಇಳಿದಿದೆ. ಒಂದೇ ಬೆರಳನ್ನು ತಂತಿಗಳಿಗೆ ಅಡ್ಡಲಾಗಿ ಒತ್ತಿ ಹಿಡಿಯಬೇಕಾದ ಎಫ್ ಬ್ಯಾರೆ ಕಾರ್ಡ್ ಇರುವ ಕಡೆ ಮಾತ್ರ ಲೇಬಲ್ಲುಗಳು ಇನ್ನೂ ಒತ್ತೊತ್ತಾಗಿಯೇ ಕೂತಿವೆ.