ದುರ್ಗಿಗುಡಿಯ ಹಳೇ ಮಹಡಿಯಲ್ಲಿ ಒಂದು ಮೇಜು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ವರ್ಷಗಟ್ಟಲೆ ಬೀಗ ಹಾಕಿಕೊಂಡೇ ಇತ್ತು. ಈಗ ಅಲ್ಲಿ ಹನ್ನೆರಡು ಮೇಜು ಹಾಕಿ ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದಾರೆ. ಜೂನ್‌ನಿಂದ ನಾನೂ ಅಲ್ಲೇ ಕೂರುತ್ತೇನೆ. ಸಣ್ಣ ಅಂಗಡಿಗಳ ಲೆಕ್ಕ ಬರೆಯುವ ಕೆಲಸ ನನ್ನದು.

ಮೊದಲು ವಿನೋಬನಗರದ ಮನೆಯಲ್ಲೇ ಮಾಡುತ್ತಿದ್ದೆ. ಬಿಲ್ಲು ತುಂಬಿದ ಚೀಲ ಹಿಡಿದು ಅಷ್ಟು ದೂರ ಯಾರು ಬರುತ್ತಾರೆ? ಈಗ ಗಾಂಧಿ ಬಜಾರ್‌ನವರು ನಡೆದೇ ಬರುತ್ತಾರೆ, ಇಲ್ಲಾಂದ್ರೆ ಅಂಗಡಿ ಹುಡುಗನ ಕೈಯಲ್ಲಿ ಕಳಿಸುತ್ತಾರೆ, ಒಂದು ಕಾಗದ ಕಡಿಮೆ ಬಿದ್ದರೂ ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ. ಪೇಟೆ ನಡುವೆ ಇರುವುದರ ಲಾಭ ಇದೇ.

ಮೇಜಿಗೆ 3,500 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಜಿಎಸ್‌ಟಿ ನಂಬರ್ ಇದ್ದವರು ಸಾಮಾನ್ಯವಾಗಿ ಆ ತೆರಿಗೆಯಷ್ಟನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಡಿಮೆ ಮಾಡಿಕೊಳ್ಳಬಹುದು, ಇಲ್ಲದವರಿಗೆ ಅದು ಖರ್ಚೇ. ಹೊಸದಾಗಿ ನಂಬರ್ ಮಾಡಿಸುವವರು ದುಡ್ಡು ಕೊಡುವ ಮೊದಲೇ, ವಿಳಾಸದ ದಾಖಲೆಗೆ ಬಾಡಿಗೆ ಕರಾರು, ಕಟ್ಟಡದ ಕರೆಂಟ್ ಬಿಲ್ ಕೊಡ್ತೀರಾ ಅಂತ ಕೇಳಿ. ನನಗೆ ಕೇಳಿದ ದಿನವೇ ಕೊಟ್ಟರು.

ಇಂಟರ್ನೆಟ್ ಚೆನ್ನಾಗಿದೆ. ಕರೆಂಟ್ ಹೋದರೆ ಯುಪಿಎಸ್ ಎರಡು ಗಂಟೆ ಬರುತ್ತದೆ.

ತೊಂದರೆ ಇರುವುದು ಗೋಡೆಯಲ್ಲಿ. ಅದು ಹಳೇ ಸುಣ್ಣದ ಗಾರೆ ಗೋಡೆ. ಚೆಂದ ಕಾಣಲಿ ಅಂತ ಅದರ ಮೇಲೆ ಸಿಮೆಂಟ್ ಮೆತ್ತಿಸಿ ಪೇಂಟ್ ಹೊಡೆಸಿದ್ದಾರೆ. ಗಾರೆ ಗೋಡೆ ನೀರು ಕುಡಿದರೂ ಮಳೆ ಬಿಟ್ಟ ಮೇಲೆ ತಾನೇ ಒಣಗುತ್ತದೆ, ಹೀಗೆ ಮುಚ್ಚಿಬಿಟ್ಟರೆ ಒಳಗಿನ ತೇವ ಎಲ್ಲಿಗೆ ಹೋಗಬೇಕು? ಜುಲೈ ಮಳೆಗೆ ಕಿಟಕಿ ಪಕ್ಕ ಪೇಂಟ್ ಹಪ್ಪಳದ ಹಾಗೆ ಎದ್ದಿತು. ನನ್ನ ಮೇಜಿನ ಕೆಳಗಿದ್ದ ಒಂದು ಫೈಲಿಗೆ ಬೂಷ್ಟು ಬಂತು. ಗಿರಾಕಿಯ ಫೈಲು ಅದು, ತುಂಬಾ ಬೇಜಾರಾಯಿತು. ಮಾಲೀಕರು ಮತ್ತೆ ಪೇಂಟ್ ಹೊಡೆಸ್ತೀವಿ ಅಂದರು. ಸರ್, ಪೇಂಟ್ ಬೇಡ. ಬೇಸಿಗೆಯಲ್ಲಿ ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆಯನ್ನೇ ಮಾಡಿಸಿ, ಸೂರಿನ ನೀರು ಗೋಡೆಗೆ ಬಡಿಯದ ಹಾಗೆ ನೋಡಿಕೊಳ್ಳಿ.

ಮೆಟ್ಟಿಲು ಕಡಿದಾಗಿದೆ, ಇಕ್ಕಟ್ಟು ಬೇರೆ, ಒಬ್ಬರು ಹತ್ತಿದರೆ ಇನ್ನೊಬ್ಬರು ಕಾಯಬೇಕು. ಮಂಡಿನೋವಿನ ಹಿರಿಯರು ಬಂದರೆ ನಾನೇ ಕೆಳಗಿಳಿದು ಹೋಗುತ್ತೇನೆ. ಬೈಕ್ ನಿಲ್ಲಿಸಲು ಹನ್ನೊಂದರ ಮೇಲೆ ಜಾಗ ಸಿಗಲ್ಲ, ಸಿಟಿ ಬಸ್ಸೇ ವಾಸಿ. ಫೋನಿನಲ್ಲಿ ಮಾತಾಡಲು ಬಾಗಿಲಿರುವ ಒಂದು ಸಣ್ಣ ಕೋಣೆ ಬೇಕೇ ಬೇಕು, ಒಬ್ಬರ ಸಾಲದ ವಿಷಯ ಹನ್ನೊಂದು ಜನ ಕೇಳಬಾರದು ಅಲ್ವಾ?

ಇಷ್ಟಾದರೂ ನಾನು ಬಿಟ್ಟಿಲ್ಲ, ಮುಂದಿನ ತಿಂಗಳಿಗೂ ದುಡ್ಡು ಕಟ್ಟಿದ್ದೇನೆ. ಸೇರುವವರು ಮೆಟ್ಟಿಲ ಕಡೆಯ ಮೇಜು ಕೇಳಿ, ಅಲ್ಲಿ ಗೋಡೆ ಒಣಗಿದೆ.