ತೋಟಕ್ಕೆ ಬೇಲಿ ಹಾಕ್ಸೋ ಮುಂಚೆ ಇದನ್ನ ಓದ್ಬಿಡಿ, ಪ್ರೈವೇಟ್ ಸರ್ವೆ ಮಾಡ್ಸಿ ನಾನು ಕೆಟ್ಟಿದ್ದು

ನನ್ ಥರ ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು, ಶನಿವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋಗಿ ತೋಟ ನೋಡ್ಕೊಂಡು ಬರೋರು ತುಂಬ ಜನ ಇದೀರ ಅಂತ ಗೊತ್ತು, ನಿಮಗೋಸ್ಕರಾನೇ ಬರೀತಿರೋದು. ಬೈಯೋರು ಬೈಕೊಳ್ಳಿ, ಬೈಸ್ಕೊಳ್ಳೋ ಕೆಲಸಾನೇ ಮಾಡಿದೀನಿ.

ನಮ್ದು ತುಮಕೂರು ಜಿಲ್ಲೇಲಿ ತೆಂಗಿನ ತೋಟ. ಪಹಣೀಲಿ ಒಟ್ಟು 2 ಎಕರೆ 14 ಗುಂಟೆ. ಪಕ್ಕದ ತೋಟದೋರು ಅಪ್ಪನಿಗಿಂತ ಹಿರಿಯರು, ನೆಂಟಸ್ತನ ಏನಿಲ್ಲ ಆದ್ರೂ ನಾವು ಚಿಕ್ಕವರಿಂದ ದೊಡ್ಡಪ್ಪ ಅಂತಾನೇ ಕರೆಯೋದು. ಇಬ್ಬರ ಮಧ್ಯೆ ಇದ್ದಿದ್ದು ಒಂದು ಬದು, ಅದ್ರ ಮೇಲೆ ಕಳ್ಳಿ, ಲಂಟಾನ, ಅಷ್ಟೇ. ಅಪ್ಪ ಇರೋವರೆಗೂ ಯಾರೂ ಟೇಪ್ ಹಿಡಿದೋರಲ್ಲ. ಅಪ್ಪ ಹೋದ್ಮೇಲೆ ನಂಗೆ ತಲೆಗೆ ಬಂದಿದ್ದು ಕಲ್ಲುಕಂಬ ನೆಟ್ಟು ಚೈನ್‌ಲಿಂಕ್ ಹಾಕ್ಸೋಣ, ಅದಕ್ಕೆ ಮುಂಚೆ ಒಂದ್ಸಲ ಅಳತೆ ಮಾಡ್ಸೋಣ ಅಂತ. ಆಲೋಚನೆ ಸರಿಯಾಗೇ ಇತ್ತು, ಆಳು ಹಿಡಿದಿದ್ದು ತಪ್ಪು.

ಹದ್ದುಬಸ್ತಿಗೆ, ಅಂದ್ರೆ ಸರ್ಕಾರಿ ಸರ್ವೆಯರ್ ಕೈಲಿ ಗಡಿ ಅಳೆಸಿ ಗುರುತು ಮಾಡ್ಸೋಕೆ, ಅರ್ಜಿ ಹಾಕಿದ್ರೆ ಅವರು ಬರೋಕೆ ತಿಂಗಳುಗಟ್ಟಲೆ ಆಗುತ್ತೆ ಅಂದ್ರು ಎಲ್ಲರೂ. ತಾಲೂಕು ಆಫೀಸ್ ಎದುರಿನ ಜೆರಾಕ್ಸ್ ಅಂಗಡಿಯವನು ‘ಯಾಕ್ ಸಾರ್ ಕಾಯ್ತೀರಾ, ನಮ್ಮ ಕಡೆ ಒಬ್ರಿದಾರೆ, ಮೆಷಿನ್ ತರ್ತಾರೆ, ಒಂದೇ ದಿನ’ ಅಂತ ನಂಬರ್ ಕೊಟ್ಟ. ಫೋನ್ ಮಾಡಿದ್ರೆ ಆ ಮನುಷ್ಯ ‘ಲೈಸೆನ್ಸ್ ಸರ್ವೆಯರ್ ಸಾರ್ ನಾನು’ ಅಂದ, 18,000 ಕೇಳ್ದ. ಲೈಸೆನ್ಸ್ ನಂಬರ್ ಕೇಳ್ಬೇಕು ಅನ್ನೋ ಬುದ್ಧಿ ಆಗ ನಂಗೆ ಇರ್ಲಿಲ್ಲ, ಆಮೇಲೆ ಎಡಿಎಲ್ಆರ್ ಆಫೀಸಲ್ಲಿ (ತಾಲೂಕಿನ ಸರ್ವೆ ಇಲಾಖೆ ಕಚೇರಿ) ವಿಚಾರಿಸಿದ್ರೆ ಆ ಹೆಸರಿನೋರು ಲಿಸ್ಟಲ್ಲೇ ಇಲ್ಲ.

ಭಾನುವಾರ ಬೆಳಗ್ಗೆ ಬಂದ. ಹಳದಿ ಟ್ರೈಪಾಡ್ ಮೇಲೆ ಟೋಟಲ್ ಸ್ಟೇಷನ್ ಇಟ್ಟ, ಒಬ್ಬ ಹುಡುಗ ಪ್ರಿಸಂ ಕೋಲು ಹಿಡ್ಕೊಂಡು ಓಡಾಡ್ದ, ಊರ ಹುಡುಗ್ರೆಲ್ಲ ಸೇರ್ಕೊಂಡ್ರು, ನಂಗೂ ಒಂಥರಾ ಜಂಬ. ಪಂಪ್‌ಹೌಸ್ ಮೂಲೆಯಿಂದ ಶುರು ಮಾಡ್ದ. ಟಿಪ್ಪಣಿ (ಹಳೇ ಸರ್ಕಾರಿ ಸರ್ವೇಲಿ ಜಮೀನಿನ ಅಳತೆ ಬರೆದಿಟ್ಟಿರೋ ದಾಖಲೆ) ನಕಲು ಬೇಕಾ ಅಂತ ನಾನು ಕೇಳಿದ್ದಕ್ಕೆ ‘ಅವೆಲ್ಲ ಹಳೇ ಕಾಲದ್ದು ಸಾರ್, ಈ ಮೆಷಿನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತೆ’ ಅಂದ. ಆ ಮಾತು ಬಂದ ಗಳಿಗೇಲೇ ಕೈಮುಗಿದು ಕಳಿಸ್ಬೇಕಿತ್ತು. ಮೆಷಿನ್ ಎರಡು ಪಾಯಿಂಟ್ ಮಧ್ಯೆ ಎಷ್ಟು ದೂರ ಅಂತ ಹೇಳುತ್ತೆ ಕಣ್ರೀ, ನಿಮ್ಮ ಜಮೀನು ಎಲ್ಲಿಂದ ಶುರು ಅಂತ ಅದಕ್ಕೇನು ಗೊತ್ತು? ಅದು ಗೊತ್ತಿರೋದು ಟಿಪ್ಪಣಿಗೆ ಮತ್ತೆ ಬಾಂದು ಕಲ್ಲಿಗೆ, ಅಂದ್ರೆ ಸರ್ವೇಲಿ ನೆಟ್ಟ ಗಡಿ ಕಲ್ಲಿಗೆ.

ಸಾಯಂಕಾಲ ಲ್ಯಾಪ್‌ಟಾಪ್ ತೆಗೆದು ‘ಸಾರ್ ನಿಮ್ದು 4 ಗುಂಟೆ ಪಕ್ಕದೋರ ಕಡೆ ಹೋಗ್ಬಿಟ್ಟಿದೆ’ ಅಂದ. ನಿಜ ಹೇಳ್ಬೇಕು ಅಂದ್ರೆ ನಂಗೆ ಖುಷಿ ಆಯ್ತು. ಡೌಟ್ ಬರ್ಬೇಕಾದ ಜಾಗದಲ್ಲಿ ಖುಷಿ ಬಂತು. ದಿಶಾಂಕ್ ಆ್ಯಪ್ ಹಾಕ್ಕೊಂಡು ಬದು ಮೇಲೆ ನಡೆದೂ ನೋಡ್ದೆ, ಚುಕ್ಕೆ ಒಂದ್ಸಲ ನಮ್ಮ ಸರ್ವೆ ನಂಬರಲ್ಲಿ ಒಂದ್ಸಲ ಅವರ ನಂಬರಲ್ಲಿ ಕುಣೀತಿತ್ತು, ನಾನು ನನಗೆ ಬೇಕಾದಾಗ ಸ್ಕ್ರೀನ್‌ಶಾಟ್ ತಗೊಂಡೆ. (ಯಾವ ಸರ್ವೆ ನಂಬರಲ್ಲಿ ನಿಂತಿದೀವಿ ಅಂತ ಅಂದಾಜಿಗೆ ಆ ಆ್ಯಪ್ ಚೆನ್ನಾಗಿದೆ, ಆದ್ರೆ ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೆ ಈಚೆ ತೋರಿಸೋದು ಮಾಮೂಲಿ, ಅದ್ರಲ್ಲಿ ಬದು ಗುರುತಿಸೋಕೆ ಹೋಗ್ಬೇಡಿ.)

ಮುಂದಿನ ವಾರಾನೇ ಜೆಸಿಬಿ ತರ್ಸಿ ಕಳ್ಳಿ ಎಲ್ಲ ಕೀಳ್ಸಿ, 290 ಅಡಿ ಉದ್ದಕ್ಕೆ 15 ಅಡಿ ಅವರ ಕಡೆ ಸರಿಸಿ ಬೇಲಿ ಹಾಕ್ಸಿದೆ. ದೊಡ್ಡಪ್ಪಂಗೆ ಹೇಳಿದ್ದು ಹಿಂದಿನ ದಿನ, ಅದೂ ಫೋನಲ್ಲಿ. ಅವರ 9 ತೆಂಗಿನ ಮರ ನಮ್ಮ ಬೇಲಿ ಒಳಗೆ ಬಂದ್ವು. ಕಂಬ ನೆಡೋ ದಿನ ಅವರು ಬಂದು ನಿಂತ್ಕೊಂಡು ಒಂದೇ ಮಾತು ಅಂದ್ರು, ‘ಏನ್ ಮಗಾ, ನಿಮ್ಮಪ್ಪಂಗೆ ಕಾಣ್ದೆ ಇದ್ದ ಬದು ನಿಂಗೆ ಕಾಣ್ತಾ?’ ನಾನು ಸ್ಕೆಚ್ ತೋರಿಸ್ದೆ. ಎ3 ಸೈಜು, ಕಲರ್ ಪ್ರಿಂಟು, ಲ್ಯಾಮಿನೇಷನ್ ಬೇರೆ. ಅವರು ಕೈಗೂ ತಗೊಳ್ಳಲಿಲ್ಲ.

ಅವರು ಜಗಳ ಆಡ್ಲಿಲ್ಲ, ಸೀದಾ ನಾಡಕಚೇರಿಗೆ ಹೋಗಿ ತಮ್ಮ ಸರ್ವೆ ನಂಬರಿಗೆ ಹದ್ದುಬಸ್ತು ಅರ್ಜಿ ಹಾಕಿದ್ರು. ಸುಮಾರು ನಾಲ್ಕು ತಿಂಗಳಾದ್ಮೇಲೆ ಪಕ್ಕದ ಹಿಡುವಳಿದಾರ ಅಂತ ನಂಗೂ ನೋಟಿಸ್ ಬಂತು. ಸರ್ಕಾರಿ ಸರ್ವೆಯರ್ ಟಿಪ್ಪಣಿ, ಆಕಾರ್‌ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕ್ಷೆ ಎಲ್ಲ ತಂದಿದ್ರು. ಅವರು ಪಂಪ್‌ಹೌಸ್ ಕಡೆ ತಿರುಗೀನೂ ನೋಡ್ಲಿಲ್ಲ, ಮೂರು ಸರ್ವೆ ನಂಬರ್ ಸೇರೋ ಕಡೆ ಇರೋ ಕಲ್ಲು ಹುಡುಕಿ ಅಲ್ಲಿಂದ ಹಿಡಿದ್ರು. ಹಳೇ ಟಿಪ್ಪಣೀಲಿ ಅಳತೆ ಇರೋದು ಸರಪಳಿ, ಆಣೆ ಲೆಕ್ಕದಲ್ಲಿ. 16 ಆಣೆಗೆ ಒಂದು ಸರಪಳಿ, ಅಂದ್ರೆ 33 ಅಡಿ, ಅದ್ರ ಚದರಾನೇ 1,089 ಚದರ ಅಡಿಯ ಒಂದು ಗುಂಟೆ. ಅದನ್ನ ಓದೋಕೆ ಬರ್ದೇ ಇರೋನು ಎಂಥ ಮೆಷಿನ್ ತಂದ್ರೂ ದಂಡ.

ಆಮೇಲೆ ನಮ್ಮ ಪಹಣಿ ಕೇಳಿದ್ರು. ಮೂರನೇ ಕಾಲಂ ಮೇಲೆ ಬೆರಳಿಟ್ಟು ‘ಇದನ್ನ ಓದಿದೀರಾ?’ ಅಂದ್ರು. ಒಟ್ಟು ವಿಸ್ತೀರ್ಣ 2-14, ಬ ಖರಾಬು 0-04, ಉಳಿದಿದ್ದು 2-10. ಬ ಖರಾಬು ಅಂದ್ರೆ ದಾರಿ, ಹಳ್ಳ, ಸ್ಮಶಾನ ಈ ಥರ ಸಾರ್ವಜನಿಕರಿಗೆ ಬಿಟ್ಟಿರೋ ಜಾಗ, ನಮ್ಮ ನಂಬರಲ್ಲಿ ಇದ್ರೂ ನಮ್ಮ ಸಾಗುವಳಿಗಲ್ಲ. ನಮ್ಮ ಮೂಡಲ ಕಡೆ ಇರೋ ಬಂಡಿ ದಾರೀನೇ ಆ 4 ಗುಂಟೆ! ನಮ್ಮ ಮಹಾನುಭಾವ ದಾರಿ ಬಿಟ್ಟು ಅಳೆದು, 2-14 ಇರ್ಬೇಕು 2-10 ಇದೆ, ಹಾಗಾದ್ರೆ ಮಿಕ್ಕಿದ್ದು ಪಕ್ಕದೋರು ನುಂಗಿದಾರೆ ಅಂತ ಪಡುವಲ ಕಡೆ ಗೆರೆ ಎಳೆದಿದ್ದ. ನಾನು ಊರಿಗೆ ಹೋದಾಗೆಲ್ಲ ಬೈಕ್ ಓಡಿಸ್ಕೊಂಡು ಹೋಗೋ ದಾರಿಯ ಜಾಗವನ್ನ ದೊಡ್ಡಪ್ಪನ ತೋಟದಿಂದ ಕಿತ್ಕೊಂಡಿದ್ದೆ.

ಇನ್ನೊಂದು ಮಾನ ಹೋಗೋ ವಿಷಯ, ಜೆಸಿಬಿಯವನು ಕಳ್ಳಿ ಜೊತೆ ಒಂದು ಬಾಂದು ಕಲ್ಲೂ ಕಿತ್ತು ಚರಂಡಿ ಹತ್ರ ಎಸೆದಿದ್ದ. ಗಡಿ ಕಲ್ಲು ಕಿತ್ರೆ 1964ರ ಭೂಕಂದಾಯ ಕಾಯ್ದೆ ಪ್ರಕಾರ ದಂಡ ಇದೆ ಅಂತ ಸರ್ವೆಯರ್ ಎಲ್ಲರೆದುರಿಗೆ ಹೇಳಿದ್ರು. ದೊಡ್ಡಪ್ಪ ‘ಇರ್ಲಿ ಬಿಡಿ ಸಾರ್, ಮತ್ತೆ ನೆಟ್ಟರಾಯ್ತು’ ಅಂದಿದ್ದಕ್ಕೆ ಬಚಾವಾದೆ. ಪಂಚನಾಮೆಗೆ ತಲೆ ತಗ್ಗಿಸ್ಕೊಂಡು ಸೈನ್ ಹಾಕ್ದೆ.

ಲ್ಯಾಮಿನೇಷನ್ ಸ್ಕೆಚ್ ತೋರಿಸಿದ್ರೆ ಸರ್ವೆಯರ್ ನಕ್ಕುಬಿಟ್ರು. ಅದಕ್ಕೆ ಆಫೀಸ್ ದಾಖಲೇಲಿ ಯಾವ ಬೆಲೇನೂ ಇಲ್ಲ. ನಿಜವಾದ ಪರವಾನಗಿ ಭೂಮಾಪಕರಿಗೂ 11ಇ ನಕ್ಷೆ (ಜಮೀನಿನ ಒಂದು ಭಾಗ ಮಾರೋಕೆ ಮುಂಚೆ ಮಾಡ್ಸೋ ನಕ್ಷೆ), ಪೋಡಿ (ಸರ್ವೆ ನಂಬರ್ ಭಾಗ ಮಾಡೋದು) ಥರದ ಕೆಲಸ ಮೋಜಿಣಿ ಅನ್ನೋ ಸರ್ವೆ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಗೆ ಹಾಕಿದ ಅರ್ಜಿ ಮೂಲಕ ಇಲಾಖೆಯಿಂದಾನೇ ಹಂಚಿಕೆ ಆಗಿ ಬರೋದು, ಜೆರಾಕ್ಸ್ ಅಂಗಡಿಯಿಂದಲ್ಲ. ಪ್ರೈವೇಟ್ ಆಗಿ ಅಳೆಸಲೇಬೇಕು ಅಂದ್ರೆ ಅಂದಾಜಿಗೆ ಅಳೆಸ್ಕೊಳ್ಳಿ, ಅದನ್ನ ನಂಬ್ಕೊಂಡು ಕಂಬ ಮಾತ್ರ ನೆಡ್ಬೇಡಿ. ಮೊದಲು ಟಿಪ್ಪಣಿ, ಆಕಾರ್‌ಬಂದ್ ನಕಲು ತಗೊಳ್ಳಿ, ಅದನ್ನ ಬೇಡ ಅನ್ನೋನನ್ನ ಗೇಟಿಂದಾನೇ ವಾಪಸ್ ಕಳ್ಸಿ, ಅಳೆಯೋ ದಿನ ಪಕ್ಕದೋರನ್ನ ಕರೆದು ಕಾಫಿ ಕೊಟ್ಟು ಜೊತೇಲಿ ನಿಲ್ಲಿಸ್ಕೊಳ್ಳಿ. ಅವತ್ತು ದೊಡ್ಡಪ್ಪ ಇದ್ದಿದ್ರೆ ‘ಏಯ್ ಅದು ಬಂಡಿ ದಾರಿ ಕಣೋ’ ಅಂತ ಐದು ನಿಮಿಷದಲ್ಲಿ ಮುಗಿಸಿರೋರು.

ಬೇಲಿ ಕಿತ್ತು ವಾಪಸ್ ಹಾಕ್ಸಿದ್ದೂ ಸೇರಿ ಒಂದು ಲಕ್ಷದ ಮೇಲೆ ಹೋಯ್ತು. ಆ ಮಷಿನ್ ಮನುಷ್ಯನಿಗೆ ಫೋನ್ ಮಾಡಿದ್ರೆ ‘ಸರ್ಕಾರಿ ಅಳತೇನೇ ತಪ್ಪು ಸಾರ್, ಕೋರ್ಟಿಗೆ ಹಾಕಿ, ನಾನ್ ಬಂದು ಹೇಳ್ತೀನಿ, 6,000 ಆಗುತ್ತೆ’ ಅಂದ. ಬ್ಲಾಕ್ ಮಾಡ್ದೆ.

ನಡುವೆ ಒಂದು ಕೊಯ್ಲು ಆ 9 ಮರದ ಕಾಯೀನೂ ನಮ್ಮ ಆಳು ಕೆಡವಿದ್ದ. ಲೆಕ್ಕ ಹಾಕಿ ದುಡ್ಡು ತಗೊಂಡು ಅವರ ಮನೆಗೆ ಹೋದೆ. ದೊಡ್ಡಪ್ಪ ಹಟ್ಟೀಲಿ ಕಾಯಿ ಸುಲೀತಾ ಇದ್ರು, ದುಡ್ಡು ಮುಟ್ಟಲಿಲ್ಲ, ‘ಕೂತ್ಕೋ’ ಅಂದ್ರು. ಅರ್ಧ ಗಂಟೆ ಕೂತಿದ್ದು ಎದ್ದು ಬಂದೆ, ಇಬ್ಬರೂ ತೋಟದ ಮಾತೆತ್ತಲಿಲ್ಲ.