ಆರು ವರ್ಷ ಫ್ರೀಪ್ಲೇನ್ ಬಳಸಿದ ಮೇಲೆ: ಮಡಚಿಟ್ಟ ಕವಲುಗಳಿಂದ ಪಾಠ ಮಾಡುವುದು

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕ. ತರಗತಿಯ ಪಾಠಗಳಿಗೂ, ವರ್ಷಕ್ಕೆ ಮೂರು ನಾಲ್ಕು ಬಾರಿ ಶಿಕ್ಷಕರ ತರಬೇತಿಯಲ್ಲಿ ಕೊಡಬೇಕಾದ ಉಪನ್ಯಾಸಗಳಿಗೂ ಕಳೆದ ಆರು ವರ್ಷಗಳಿಂದ ಫ್ರೀಪ್ಲೇನ್ ಎಂಬ ಮೈಂಡ್ ಮ್ಯಾಪ್ (ನಡುವೆ ಒಂದು ವಿಷಯವನ್ನಿಟ್ಟು ಅದರ ಸುತ್ತ ಕವಲುಗಳಾಗಿ ಬಿಡಿಸುವ ನಕ್ಷೆ) ತಂತ್ರಾಂಶವನ್ನು ಬಳಸುತ್ತಿದ್ದೇನೆ. ಹೊಸದಾಗಿ ಕೈಗೆತ್ತಿಕೊಂಡ ಒಂದು ವಾರದಲ್ಲಿ ಹುಟ್ಟುವ ಉತ್ಸಾಹ ಬೇರೆ, ವರ್ಷಗಟ್ಟಲೆ ಒಗ್ಗಿದ ಮೇಲೆ ಉಳಿಯುವ ಅಭಿಪ್ರಾಯ ಬೇರೆ. ಇಲ್ಲಿ ಬರೆಯುತ್ತಿರುವುದು ಎರಡನೆಯದು.

ಫ್ರೀಪ್ಲೇನ್ ಎಂಬುದು ಫ್ರೀಮೈಂಡ್ ಎಂಬ ಹಳೆಯ ತಂತ್ರಾಂಶದಿಂದ ಕವಲೊಡೆದು ಬೆಳೆದ ಮುಕ್ತ ತಂತ್ರಾಂಶ. ಹಣ ಕೊಡಬೇಕಾಗಿಲ್ಲ. ಜಾವಾ ಆಧಾರಿತವಾದ್ದರಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಆರಂಭಿಸಿದ ನಕ್ಷೆಯನ್ನು ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮುಂದುವರಿಸಲು ನನಗೆ ಎಂದೂ ಅಡ್ಡಿಯಾಗಿಲ್ಲ. ಟ್ಯಾಬ್ ಒತ್ತಿದರೆ ಆಯ್ದ ವಿಷಯದ ಕೆಳಗೆ ಒಂದು ಮರಿ ಕವಲು, ಎಂಟರ್ ಒತ್ತಿದರೆ ಅದರ ಪಕ್ಕದಲ್ಲಿ ಇನ್ನೊಂದು, ಸ್ಪೇಸ್ ಒತ್ತಿದರೆ ಕವಲು ಮಡಚಿಕೊಳ್ಳುತ್ತದೆ ಅಥವಾ ಬಿಚ್ಚಿಕೊಳ್ಳುತ್ತದೆ. ದಿನನಿತ್ಯದ ಕೆಲಸದ ಬಹುಪಾಲು ಈ ಮೂರು ಕೀಲಿಗಳಲ್ಲೇ ಮುಗಿಯುತ್ತದೆ.

ಇವುಗಳಲ್ಲಿ ಮೂರನೆಯ ಕೀಲಿಯ ಬೆಲೆ ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಮೊದಲ ಬಾರಿ ಮೈಂಡ್ ಮ್ಯಾಪ್ ಇಟ್ಟುಕೊಂಡು ಶಿಕ್ಷಕರ ಮುಂದೆ ನಿಂತಾಗ, ಎರಡು ವಾರ ಕೂತು ತಯಾರಿಸಿದ್ದ ನೂರಕ್ಕೂ ಹೆಚ್ಚು ಕವಲುಗಳ ನಕ್ಷೆಯನ್ನು ಪೂರ್ತಿ ಬಿಚ್ಚಿ ಪರದೆಯ ಮೇಲೆ ಹಾಕಿದೆ. ಅಷ್ಟೂ ಒಟ್ಟಿಗೆ ಕಾಣಬೇಕೆಂದು ಅಕ್ಷರಗಳನ್ನು ಚಿಕ್ಕದು ಮಾಡಿದ್ದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಶಿಕ್ಷಕಿಯೊಬ್ಬರು ಕನ್ನಡಕ ಸರಿಪಡಿಸಿಕೊಂಡು, "ಸರ್, ಇದರಲ್ಲಿ ಈಗ ಯಾವುದನ್ನು ನೋಡಬೇಕು?" ಎಂದು ಕೇಳಿದರು. ಅದು ಆಕ್ಷೇಪವಾಗಿರಲಿಲ್ಲ, ನಿಜವಾದ ಪ್ರಶ್ನೆಯಾಗಿತ್ತು. ಯೋಚಿಸುವಾಗ ನನಗೆ ಬೇಕಾಗಿದ್ದ ನಕ್ಷೆಯೂ ಕೇಳುವವರಿಗೆ ಬೇಕಾಗುವ ನಕ್ಷೆಯೂ ಒಂದೇ ಅಲ್ಲವೆಂದು ಅಂದು ಅರ್ಥವಾಯಿತು. ನನಗೆ ಎಲ್ಲವೂ ಒಟ್ಟಿಗೆ ಕಾಣಬೇಕು. ಅವರಿಗೆ ನಾನು ಮಾತನಾಡುತ್ತಿರುವ ಕವಲೊಂದೇ ಕಾಣಬೇಕು. ಹಾಗಾಗಿ ಈ ತಂತ್ರಾಂಶದ ಬಗ್ಗೆ ಯಾರು ಕೇಳಿದರೂ ಬಣ್ಣ, ಚಿಹ್ನೆ, ಮೋಡದಾಕಾರದ ಚೌಕಟ್ಟುಗಳ ಬಗ್ಗೆ ಹೇಳುವ ಮೊದಲು ಮಡಚುವುದನ್ನು ಕಲಿಯಿರಿ ಎನ್ನುತ್ತೇನೆ.

ಇದಕ್ಕೆ ನನ್ನ ಕಾವೇರಿ ನಕ್ಷೆಯೇ ಒಳ್ಳೆಯ ಉದಾಹರಣೆ. ನದಿಯ ರಚನೆಯೇ ಕವಲುಗಳದ್ದಾದ್ದರಿಂದ ಮೈಂಡ್ ಮ್ಯಾಪ್‌ಗೆ ಇಷ್ಟು ಸಹಜವಾಗಿ ಹೊಂದುವ ವಿಷಯ ಇನ್ನೊಂದಿಲ್ಲ. ನಡುವೆ ಕಾವೇರಿ, ಸುತ್ತ ಉಗಮ, ಉಪನದಿಗಳು, ಅಣೆಕಟ್ಟುಗಳು, ಬೆಳೆಗಳು, ಒಪ್ಪಂದಗಳು ಎಂಬ ಐದು ಕವಲುಗಳು, ಎಲ್ಲವೂ ಮಡಚಿದ ಸ್ಥಿತಿಯಲ್ಲಿ. ಉಪನದಿಗಳ ಕವಲನ್ನು ಬಿಚ್ಚಿದರೆ ಎಡದಂಡೆ, ಬಲದಂಡೆ ಎಂಬ ಎರಡು ಮಾತ್ರ ಕಾಣುತ್ತವೆ. ಅಲ್ಲಿ ನಿಲ್ಲಿಸಿ, ಎಡದಿಂದ ಯಾವ ಯಾವ ನದಿಗಳು ಬಂದು ಸೇರುತ್ತವೆಂದು ಮಕ್ಕಳನ್ನು ಕೇಳುತ್ತೇನೆ. ಹೇಮಾವತಿ ಎಂದು ಹಲವರು ಕೂಗುತ್ತಾರೆ, ಶಿಂಷಾ ಎಂದು ಒಬ್ಬಿಬ್ಬರು ಹೇಳುತ್ತಾರೆ, ಕಬಿನಿಯನ್ನೂ ಎಡಕ್ಕೇ ಸೇರಿಸುವವರು ಪ್ರತಿ ವರ್ಷ ಇರುತ್ತಾರೆ. ಆಮೇಲೆ ಸ್ಪೇಸ್ ಒತ್ತಿದಾಗ ಹಾರಂಗಿ, ಹೇಮಾವತಿ, ಶಿಂಷಾ, ಅರ್ಕಾವತಿ ಒಂದು ಕಡೆ, ಲಕ್ಷ್ಮಣತೀರ್ಥ, ಕಬಿನಿ, ಸುವರ್ಣಾವತಿ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತವೆ. ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡುವ ಆ ಕ್ಷಣದಲ್ಲಿ ತರಗತಿಯ ಕಣ್ಣುಗಳೆಲ್ಲ ಪರದೆಯ ಮೇಲಿರುತ್ತವೆ. ಪೂರ್ತಿ ಬಿಚ್ಚಿದ ನಕ್ಷೆಯಿಂದ ನನಗೆ ಎಂದೂ ದೊರೆಯದ ಗಮನ ಅದು.

ಆದರೆ ಇದೇ ನಕ್ಷೆ ಮೈಂಡ್ ಮ್ಯಾಪ್‌ನ ಮಿತಿಯನ್ನೂ ತೋರಿಸಿತು. ಕನ್ನಂಬಾಡಿ ಕಟ್ಟೆಯನ್ನು ನಾನು ಅಣೆಕಟ್ಟುಗಳ ಕೆಳಗೆ ಇಟ್ಟಿದ್ದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಒಪ್ಪಂದ ಆಗಿದ್ದೇ ಕನ್ನಂಬಾಡಿಗೋಸ್ಕರ ಅಂದ್ರಲ್ಲ, ಮತ್ತೆ ಅದು ಆ ಕವಲಲ್ಲಿ ಯಾಕಿಲ್ಲ?" ಎಂದು ಕೇಳಿದಳು. ಅವಳ ಮಾತು ಸರಿಯಾಗಿತ್ತು. 1911ರಲ್ಲಿ ಕಟ್ಟೆಯ ಕೆಲಸ ಆರಂಭವಾಗಿ, ಮದರಾಸು ಸರ್ಕಾರದ ತಕರಾರು ಎದ್ದು, 1924ರಲ್ಲಿ ಐವತ್ತು ವರ್ಷಗಳ ಒಪ್ಪಂದವಾದ ಕಥೆಯಲ್ಲಿ ಕಟ್ಟೆಯನ್ನೂ ಒಪ್ಪಂದವನ್ನೂ ಬೇರೆ ಬೇರೆ ಕವಲುಗಳಿಗೆ ಕಟ್ಟಿಹಾಕಲು ಬರುವುದಿಲ್ಲ. ಮೈಂಡ್ ಮ್ಯಾಪ್‌ನಲ್ಲಿ ಮಾತ್ರ ಪ್ರತಿ ವಿಷಯಕ್ಕೂ ಒಂದೇ ಬುಡ. ಫ್ರೀಪ್ಲೇನ್‌ನಲ್ಲಿ ಎರಡು ಕವಲುಗಳ ನಡುವೆ ಬಾಣದ ಗೆರೆ ಎಳೆದು ಅದರ ಮೇಲೆ ಮಾತೊಂದನ್ನು ಬರೆಯುವ ಸೌಲಭ್ಯವಿದೆ. ಕನ್ನಂಬಾಡಿಯಿಂದ 1924ಕ್ಕೆ ಅಂಥ ಗೆರೆಯೊಂದನ್ನು ಎಳೆದು ಸರಿಪಡಿಸಿದೆ. ಇಂಥ ಗೆರೆಗಳು ಮೂರು ನಾಲ್ಕಿದ್ದಾಗ ನಕ್ಷೆ ಬೆಳಗುತ್ತದೆ, ಹತ್ತಾದರೆ ಜೇಡರ ಬಲೆಯಾಗುತ್ತದೆ. ಅಷ್ಟು ಗೆರೆಗಳು ಬೇಕೆನಿಸಿದರೆ ಆ ವಿಷಯಕ್ಕೆ ಬೇಕಾಗಿರುವುದು ಮೈಂಡ್ ಮ್ಯಾಪ್ ಅಲ್ಲ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಅವರ ತಂಡ 1970ರ ದಶಕದಲ್ಲಿ ರೂಪಿಸಿದ ಪರಿಕಲ್ಪನಾ ನಕ್ಷೆ. ನಮ್ಮ ತರಬೇತಿಗಳಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಹೇಳುವುದನ್ನು ಕೇಳಿದ್ದೇನೆ, ಹಾಗಲ್ಲ. ಪರಿಕಲ್ಪನಾ ನಕ್ಷೆಯಲ್ಲಿ ಪ್ರತಿ ಗೆರೆಗೂ ಒಂದು ಸಂಬಂಧದ ಮಾತು ಇರಲೇಬೇಕು, ಒಂದು ವಿಷಯಕ್ಕೆ ಎಷ್ಟು ಕಡೆಯಿಂದಲಾದರೂ ಗೆರೆ ಬರಬಹುದು.

ಕಾಲಾನುಕ್ರಮವೂ ಇದರಲ್ಲಿ ಸರಿಯಾಗಿ ಕೂರುವುದಿಲ್ಲ. 1892, 1924ರ ಒಪ್ಪಂದಗಳು, 1990ರಲ್ಲಿ ನ್ಯಾಯಮಂಡಳಿ ರಚನೆ, 2007ರ ಅಂತಿಮ ತೀರ್ಪು, ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75 ಟಿಎಂಸಿ ಮಾಡಿದ 2018ರ ಸುಪ್ರೀಂ ಕೋರ್ಟ್ ತೀರ್ಪು, ಇವನ್ನು ನಾನು ಈಗ ಕಪ್ಪುಹಲಗೆಯ ಮೇಲೆ ಉದ್ದನೆಯ ಗೆರೆ ಎಳೆದೇ ಕಲಿಸುತ್ತೇನೆ.

ಕನ್ನಡದಲ್ಲಿ ನಕ್ಷೆ ಮಾಡುವವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಮೈಂಡ್ ಮ್ಯಾಪ್ ಅನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಬ್ರಿಟನ್ನಿನ ಟೋನಿ ಬುಜಾನ್ ಅವರ ನಿಯಮದಂತೆ ಒಂದು ಕವಲಿಗೆ ಒಂದೇ ಪದವಿರಬೇಕು. ನಾನು ಅದನ್ನು ಅಕ್ಷರಶಃ ಪಾಲಿಸಿ ಎಲ್ಲ ಪದಗಳ ವಿಭಕ್ತಿ ಪ್ರತ್ಯಯಗಳನ್ನೂ ಕತ್ತರಿಸಿ ಬರೆಯುತ್ತಿದ್ದೆ: ಅಣೆಕಟ್ಟು, ರೈತ, ನೀರು. ಮೂರು ತಿಂಗಳ ನಂತರ ನಕ್ಷೆ ತೆರೆದು ನೋಡಿದರೆ ಆ ರೈತ ಅಲ್ಲಿ ಏಕಿದ್ದಾನೆ ಎಂಬುದು ನನಗೇ ಹೊಳೆಯಲಿಲ್ಲ. ಕನ್ನಡದಲ್ಲಿ ಸಂಬಂಧವೆಲ್ಲ ಪದದ ಬಾಲದಲ್ಲಿರುತ್ತದೆ. ರೈತನಿಗೆ, ರೈತನಿಂದ, ರೈತನ ಎಂಬ ಮೂರೂ ಒಂದೊಂದೇ ಪದ, ಆದರೆ ಮೂರೂ ಮೂರು ಬೇರೆ ಸಂಗತಿಗಳು. ಪ್ರತ್ಯಯ ಉಳಿಸಿಕೊಂಡು ಬರೆಯಲಾರಂಭಿಸಿದ ಮೇಲೆ ನನ್ನ ನಕ್ಷೆಗಳು ವರ್ಷ ಕಳೆದರೂ ಅರ್ಥವಾಗುತ್ತಿವೆ, ಒಂದೇ ಪದದ ನಿಯಮವೂ ಮುರಿದಿಲ್ಲ. ನಮ್ಮ ಭಾಷೆ ಈ ಕೆಲಸಕ್ಕೆ ಇಷ್ಟು ಚೆನ್ನಾಗಿ ಒದಗುತ್ತದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಅಕ್ಷರದ ವಿಷಯದಲ್ಲಿ, ಯೂನಿಕೋಡ್ ಕನ್ನಡವನ್ನೇ ಬಳಸಬೇಕು. ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಟಿಪ್ಪಣಿಗಳನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನಕ್ಷೆಯ ಮೂಲ ಶೈಲಿಯಲ್ಲೇ ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ದೊಡ್ಡ ಗಾತ್ರದಲ್ಲಿ ಒಮ್ಮೆ ಗೊತ್ತುಮಾಡಿಟ್ಟರೆ ಪ್ರತಿ ಕವಲಿಗೂ ಮತ್ತೆ ಮತ್ತೆ ಬದಲಿಸುವ ಕೆಲಸ ತಪ್ಪುತ್ತದೆ.

ಸ್ಲೈಡುಗಳಿಗೆ ಹೋಲಿಸಿದರೆ ಉಪನ್ಯಾಸದಲ್ಲಿ ಇದರ ದೊಡ್ಡ ಅನುಕೂಲ ಕಾಣುವುದು ಪ್ರಶ್ನೆಗಳು ಬಂದಾಗ. ನಲವತ್ತು ಸ್ಲೈಡುಗಳ ಸಾಲಿನಲ್ಲಿ ಹನ್ನೆರಡನೆಯದಕ್ಕೆ ಹಿಂದಿರುಗುವಷ್ಟರಲ್ಲಿ ಕೇಳಿದವರ ಕುತೂಹಲ ಆರಿರುತ್ತದೆ. ನಕ್ಷೆಯಲ್ಲಾದರೆ ಇದ್ದ ಕವಲನ್ನು ಮಡಚಿ ಕೇಳಿದ ಕವಲನ್ನು ಬಿಚ್ಚಿದರೆ ಸಾಕು, ಇಡೀ ವಿಷಯದಲ್ಲಿ ಅದು ಎಲ್ಲಿ ಕೂರುತ್ತದೆ ಎಂಬುದೂ ಜೊತೆಯಲ್ಲೇ ಕಾಣುತ್ತದೆ. ಕವಲುಗಳನ್ನು ಮೊದಲೇ ಸ್ಲೈಡುಗಳಂತೆ ಸರದಿಯಲ್ಲಿ ಜೋಡಿಸಿಡುವ ಸೌಲಭ್ಯ ತಂತ್ರಾಂಶದಲ್ಲೇ ಇದೆ. ಕೆಲವು ಬಾರಿ ಬಳಸಿ ನೋಡಿ ಬಿಟ್ಟೆ, ಏಕೆಂದರೆ ಸರದಿಯೇ ಬೇಕಾದರೆ ಸ್ಲೈಡುಗಳೇ ಚೆನ್ನ. ಫೋಟೊ, ಭೂಪಟ, ಕೋಷ್ಟಕಗಳು ಹೆಚ್ಚಿರುವ ಪಾಠಕ್ಕೆ ನಾನು ಈಗಲೂ ಸ್ಲೈಡುಗಳನ್ನೇ ಮಾಡುತ್ತೇನೆ.

ಇದು ಕಂಪ್ಯೂಟರಿಗಾಗಿ ರೂಪಿಸಿದ ತಂತ್ರಾಂಶ. ಮೊಬೈಲಿನಲ್ಲೇ ಎಲ್ಲ ಕೆಲಸ ಮಾಡುವವರಿಗೆ ಇದು ಹೊಂದುವುದಿಲ್ಲ. ಇಬ್ಬರು ಬೇರೆ ಬೇರೆ ಊರುಗಳಲ್ಲಿ ಕೂತು ಒಂದೇ ನಕ್ಷೆಯನ್ನು ಏಕಕಾಲಕ್ಕೆ ತಿದ್ದಬೇಕಾದವರು ಬೇರೊಂದನ್ನು ಹುಡುಕಿಕೊಳ್ಳುವುದು ಒಳ್ಳೆಯದು. ಪಟ್ಟಿಗಳೂ ಆಯ್ಕೆಗಳೂ ಮೊದಲ ನೋಟಕ್ಕೆ ಹೆಚ್ಚೆನಿಸುತ್ತವೆ. ಆರು ವರ್ಷಗಳಲ್ಲಿ ಅವುಗಳ ಕಾಲುಭಾಗವನ್ನೂ ನಾನು ಮುಟ್ಟಿಲ್ಲ. ಕಡತ ಮಾತ್ರ ನಂಬಿಕೆಗೆ ಅರ್ಹ: ಅದು ಎಕ್ಸ್‌ಎಂಎಲ್ ರೂಪದ ಸರಳ ಪಠ್ಯವಾದ್ದರಿಂದ ನಾಳೆ ತಂತ್ರಾಂಶವೇ ಇಲ್ಲದಿದ್ದರೂ ಬರೆದದ್ದನ್ನು ಹೊರತೆಗೆಯಬಹುದು. ಪಿಡಿಎಫ್ ಆಗಿಯೂ ಚಿತ್ರವಾಗಿಯೂ ಉಳಿಸಿಕೊಳ್ಳಬಹುದು.

ಕಳೆದ ಮಳೆಗಾಲದಲ್ಲಿ ತರಬೇತಿಯೊಂದರ ನಡುವೆ ಕರೆಂಟು ಹೋಯಿತು. ಐದು ಕವಲುಗಳೂ ಅವುಗಳ ಮರಿಗಳೂ ಅಷ್ಟರಲ್ಲಿ ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದ್ದವೆಂದರೆ, ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಕಾವೇರಿಯನ್ನು ಬರೆಯುತ್ತಾ, ಕೇಳಿದ ಕವಲನ್ನಷ್ಟೇ ಬೆಳೆಸುತ್ತಾ ಉಳಿದ ಅರ್ಧ ಗಂಟೆಯ ಉಪನ್ಯಾಸವನ್ನು ಮುಗಿಸಿದೆ. ಹಿಂದಿನ ಸಾಲಿನವರು ಈ ಬಾರಿ ಯಾವುದನ್ನು ನೋಡಬೇಕೆಂದು ಕೇಳಲಿಲ್ಲ. ಶಿಂಷಾ ಮದ್ದೂರಿನ ಬಳಿ ಹರಿಯುವುದನ್ನೂ ಸೇರಿಸಿ ಎಂದು ಹೇಳಿದರು. ಮನೆಗೆ ಬಂದು ಆ ರಾತ್ರಿಯೇ ಎಡದಂಡೆಯ ಕೆಳಗೆ ಅದನ್ನು ಸೇರಿಸಿದೆ.